ಉಯಿಲಿನಲ್ಲಿ ಬಂದ ಕಾರು

ಉರ್ದುವಿನ 'ಶೌಕ್' ಎಂಬ ಶಬ್ದ ಕನ್ನಡಕ್ಕೆ ಬರುವ ದಾರಿಯಲ್ಲಿ ಸ್ವಲ್ಪ ಮಾನ ಕಳೆದುಕೊಂಡಿದೆ. ಅಲ್ಲಿ ಶೌಕ್ ಎಂದರೆ ತೀರದ ಹಂಬಲ, ಮನಸ್ಸಿಗೆ ಹತ್ತಿದ ಹವ್ಯಾಸ. ಶಾಯರಿಯ ಶೌಕ್, ಪಾರಿವಾಳದ ಶೌಕ್, ಅತ್ತರಿನ ಶೌಕ್ ಎಲ್ಲವೂ ಗೌರವದ ಮಾತುಗಳೇ. ಇಲ್ಲಿ ಅದು 'ಶೋಕಿ' ಆಗಿದೆ. ಶೋಕಿ ಮಾಡುವ ಹುಡುಗನನ್ನು ನಮ್ಮ ಊರುಗಳಲ್ಲಿ ಯಾರೂ ಹೊಗಳುವುದಿಲ್ಲ. ಅಮೆರಿಕದ ಕಾರುಪ್ರೇಮಿಗಳು ತಮ್ಮ ಕಂಪನಿ, ತಮ್ಮ ಎಂಜಿನ್ನು, ತಮ್ಮ ಅಲಂಕಾರಗಳ ಬಗ್ಗೆ ಆಡುವ ಮಾತುಗಳನ್ನು ಗಮನಿಸುತ್ತ ಹೋದರೆ ಈ ಎರಡು ಶಬ್ದಗಳ ನಡುವಿನ ಅಂತರವೇ ಕಾಣತೊಡಗುತ್ತದೆ. ಒಬ್ಬನ ಹಂಬಲಕ್ಕೆ ಅಲ್ಲಿ ಶೌಕಿನ ಮರ್ಯಾದೆ, ಇನ್ನೊಬ್ಬನ ಹಂಬಲಕ್ಕೆ ಶೋಕಿಯ ಹಣೆಪಟ್ಟಿ. ಇದನ್ನು ತೀರ್ಮಾನಿಸುವವರು ಯಾರು? ಕ್ಲಿಂಟ್ ಈಸ್ಟ್‌ವುಡ್ ನಿರ್ದೇಶಿಸಿ ತಾನೇ ನಟಿಸಿದ 'ಗ್ರಾನ್ ಟೊರಿನೊ' (2008) ಸಿನಿಮಾವನ್ನು ಈ ಪ್ರಶ್ನೆಯ ಎದುರು ಇಟ್ಟು ನೋಡಬೇಕೆಂದು ನಮಗೆ ಅನ್ನಿಸಿದೆ.

ಮೊದಲು ಆ ಜನರ ಮಾತಿನ ಧಾಟಿಯನ್ನು ಸ್ವಲ್ಪ ಪರಿಚಯಿಸಿಕೊಳ್ಳಬೇಕು. ಅಮೆರಿಕದ ಕಾರುಪ್ರೇಮಿಗಳು ಹೆಚ್ಚುಕಡಿಮೆ ಮೂರು ಮನೆತನಗಳಲ್ಲಿ ಹಂಚಿಹೋಗಿದ್ದಾರೆ: ಫೋರ್ಡಿನವರು, ಶೆವರ್ಲೆಯವರು, ಕ್ರೈಸ್ಲರ್ ಬಳಗದ ಡಾಡ್ಜ್-ಪ್ಲಿಮತ್‌ನವರು. ಈ ಮೂರನೆಯವರ ಹೆಸರು 'ಮೋಪಾರ್'. ಅದು ನಿಜಕ್ಕೂ ಕ್ರೈಸ್ಲರ್‌ನ ಬಿಡಿಭಾಗಗಳ ವಿಭಾಗದ ಹೆಸರು. ಬಿಡಿಭಾಗದ ಹೆಸರೇ ಒಂದು ಪಂಥದ ಹೆಸರಾಯಿತು. ಫೋರ್ಡ್ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಬಿಡಿಸಿ ಬೈಗುಳ ಮಾಡುವುದು ಶೆವರ್ಲೆಯವರಿಗೆ ನಿತ್ಯದ ವಿನೋದ. ಈ ನಿಷ್ಠೆ ಓದಿ, ಓಡಿಸಿ, ತೂಗಿ ನೋಡಿ ಬಂದದ್ದಲ್ಲ. ಅಪ್ಪ ಯಾವ ಕಾರ್ಖಾನೆಯಲ್ಲಿ ದುಡಿದನೋ, ಅಜ್ಜನ ಮನೆಯ ಮುಂದೆ ಯಾವ ಗಾಡಿ ನಿಂತಿತ್ತೋ ಅದು. ದೇವಬಂದಿ-ಬರೇಲ್ವಿ ವಾಗ್ವಾದಗಳನ್ನು ಕೇಳುತ್ತ ಬೆಳೆದವರಿಗೆ ಈ ಧಾಟಿ ಹೊಸದೇನಲ್ಲ. ಹೊರಗಿನವನಿಗೆ ಎರಡೂ ಒಂದೇ ಕಾಣುತ್ತವೆ, ಒಳಗಿದ್ದವನಿಗೆ ಒಂದು ಬೋಲ್ಟಿನ ವ್ಯತ್ಯಾಸಕ್ಕೂ ಪ್ರಾಣ ಹೋಗುತ್ತದೆ.

ಆದರೆ ಇವರ ಮಾತನ್ನೆಲ್ಲ ಹುಚ್ಚು ಎಂದು ತಳ್ಳಿಹಾಕುವುದು ಸುಲಭದ ವಿಮರ್ಶೆ. ಎಂಜಿನ್ನಿನ ವಿಷಯಕ್ಕೆ ಬಂದಾಗ ಇವರಲ್ಲಿ ಅನೇಕರು ನಿಜವಾದ ಬಲ್ಲವರು. ಅಮೆರಿಕದ ವಿ-8 ಎಂಜಿನ್ನಿನಲ್ಲಿ ಎಂಟು ಸಿಲಿಂಡರುಗಳು ನಾಲ್ಕು ನಾಲ್ಕರಂತೆ ಎರಡು ಸಾಲಿನಲ್ಲಿ, ನಡುವೆ 90 ಡಿಗ್ರಿ ಕೋನ ಬಿಟ್ಟು ನಿಂತಿರುತ್ತವೆ. ಅದರ ಕ್ರಾಂಕ್ ಶಾಫ್ಟನ್ನು ಕೊನೆಯಿಂದ ನೋಡಿದರೆ ಶಿಲುಬೆಯ ಆಕಾರ. ಹೀಗಾಗಿ ಒಂದೊಂದು ಸಾಲಿನಲ್ಲಿ ಸಿಡಿತಗಳು ಸಮನಾದ ಅಂತರದಲ್ಲಿ ಬರುವುದಿಲ್ಲ. ಎರಡು ಬೇಗ ಬೇಗ, ಆಮೇಲೆ ಒಂದು ತಡೆದು. ಆ ಗುಡುಗುಡು ಸದ್ದು ಹುಟ್ಟುವುದು ಹಾಗೆ. ಆ ಸದ್ದಿಗಾಗಿ ಜನ ಅಳುತ್ತಾರೆ ಎಂದರೆ ನಗಬೇಕಾಗಿಲ್ಲ. ಶಹನಾಯಿಯ ಸದ್ದಿಗೂ ಜನ ಅಳುತ್ತಾರೆ.

ಫೋರ್ಡ್ 1932ರಲ್ಲಿ 65 ಅಶ್ವಶಕ್ತಿಯ ವಿ-8 ಎಂಜಿನ್ನನ್ನು ಸಾಮಾನ್ಯ ಜನ ಕೊಳ್ಳಬಹುದಾದ ಕಾರಿಗೆ ಕೂಡಿಸಿತು. ಅದುವರೆಗೆ ಎಂಟು ಸಿಲಿಂಡರು ಸಿರಿವಂತರ ಸೊತ್ತಾಗಿತ್ತು. ಹಳೆಯದಾಗಿ ಅಗ್ಗವಾದ ಈ ಕಾರುಗಳನ್ನು ಕ್ಯಾಲಿಫೋರ್ನಿಯಾದ ಹುಡುಗರು ಕೊಂಡು, ಮಡ್‌ಗಾರ್ಡ್ ಕಿತ್ತು, ಭಾರ ಇಳಿಸಿ ಬತ್ತಿದ ಕೆರೆಗಳ ಗಟ್ಟಿನೆಲದಲ್ಲಿ ಓಡಿಸಿದರು. 'ಹಾಟ್ ರಾಡ್' ಎಂಬುದು ಹೀಗೆ ಬೆಳೆಯಿತು. 1955ರಲ್ಲಿ ಶೆವರ್ಲೆ ತನ್ನ ಸಣ್ಣ ಗಾತ್ರದ ವಿ-8 ತಂದಾಗ ಅದೇ ಹುಡುಗರು ಫೋರ್ಡಿನ ಹೊಟ್ಟೆಯಿಂದ ಫೋರ್ಡಿನ ಎಂಜಿನ್ನು ತೆಗೆದು ಶೆವರ್ಲೆಯದನ್ನು ಕೂರಿಸತೊಡಗಿದರು. ಶುದ್ಧವಾದಿಗಳ ಕಣ್ಣಲ್ಲಿ ಇದು ಇವತ್ತಿಗೂ ಪಾಪ. ಮಿಕ್ಕವರ ಉತ್ತರ ಸರಳ: ಅಗ್ಗ, ಹಗುರ, ಎಲ್ಲೆಡೆ ಸಿಗುತ್ತದೆ. 2011ರ ಹೊತ್ತಿಗೆ ಈ ವಂಶದ ಎಂಜಿನ್ನುಗಳು 10 ಕೋಟಿ ತಯಾರಾಗಿದ್ದವು.

ಇನ್ನೊಂದು ಹಳೆಯ ಜಗಳ ಕಡ್ಡಿಗಳದ್ದು. ಅಮೆರಿಕದ ವಿ-8ರಲ್ಲಿ ಕ್ಯಾಮ್ ಶಾಫ್ಟ್ ಎಂಜಿನ್ನಿನ ಹೊಟ್ಟೆಯಲ್ಲಿರುತ್ತದೆ, ಉದ್ದನೆಯ ಕಡ್ಡಿಗಳು ಮೇಲಿನ ವಾಲ್ವ್‌ಗಳನ್ನು ತೆರೆಯುತ್ತವೆ. ಯುರೋಪು, ಜಪಾನಿನವರು ಕ್ಯಾಮನ್ನು ತಲೆಯ ಮೇಲಕ್ಕೇ ಒಯ್ದು ಎಷ್ಟೋ ಕಾಲವಾಯಿತು. 'ಎತ್ತಿನಗಾಡಿ ಕಾಲದ ತಂತ್ರ' ಎಂದು ಅವರ ಅಭಿಮಾನಿಗಳು ಹೀಯಾಳಿಸುತ್ತಾರೆ. ಈ ಜಗಳದಲ್ಲಿ ನಾವು ಅಮೆರಿಕದವರ ಪರ. ತಲೆಯ ಮೇಲೆ ಕ್ಯಾಮ್‌ಗಳ ಹೊರೆ ಇಲ್ಲದ್ದರಿಂದ ಆ ಎಂಜಿನ್ನು ಅಗಲದಲ್ಲಿ ಕಿರಿದು, ಎತ್ತರದಲ್ಲಿ ಕುಳ್ಳು. 1997ರಲ್ಲಿ ಕಾರ್ವೆಟ್ ಕಾರಿಗೆ ಬಂದ ಎಲ್‌ಎಸ್ ಎಂಜಿನ್ನನ್ನು ಆಮೇಲೆ ಮಜ್ದಾ, ಬಿಎಂಡಬ್ಲ್ಯುಗಳಲ್ಲಿ ಮಾತ್ರವಲ್ಲ, ಫೋರ್ಡಿನ ಮಸ್ಟಾಂಗಿನಲ್ಲೂ ಜನ ಕೂರಿಸಿದ್ದಾರೆ. ಹಳತು ಎಂಬ ಒಂದೇ ಕಾರಣಕ್ಕೆ ಒಂದು ವಿದ್ಯೆ ಕೆಟ್ಟದ್ದಾಗುವುದಿಲ್ಲ.

ಆದರೆ ಈ 'ಅಪ್ಪಟ ಅಮೆರಿಕನ್' ಎಂಜಿನ್ನುಗಳ ಹಿಂದೆ ಇದ್ದವರು ಯಾರು? ಶೆವರ್ಲೆಗೆ ಹೆಸರು ಕೊಟ್ಟ ಲೂಯಿ ಶೆವರ್ಲೆ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದವನು. ಕಾರ್ವೆಟ್‌ನ ತಂದೆ ಎಂದು ಅಭಿಮಾನಿಗಳು ಕೊಂಡಾಡುವ ಜೋರಾ ಆರ್ಕಸ್-ಡಂಟೊವ್ ಬ್ರಸೆಲ್ಸಿನಲ್ಲಿ ರಷ್ಯನ್ ಯಹೂದಿ ತಂದೆತಾಯಿಗೆ ಹುಟ್ಟಿ, ಹಿಟ್ಲರನ ಸೈನ್ಯದಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದವನು. ಹಾಟ್ ರಾಡ್ ಹುಡುಗರೆಲ್ಲ ಫೋರ್ಡಿನ ಪಾಲಾಗಿದ್ದಾರೆ, ಅವರನ್ನು ಗೆಲ್ಲದೆ ಗತಿಯಿಲ್ಲ ಎಂದು 1953ರಲ್ಲಿ ಕಂಪನಿಗೆ ಪತ್ರ ಬರೆದು ಕಣ್ಣು ತೆರೆಸಿದವನು ಅವನೇ. ಅದೇ ಹೊತ್ತಿಗೆ ಮೂವತ್ತು ವರ್ಷ ಹಿಂದೆ, 1920ರ ದಶಕದ ಮೊದಲಲ್ಲಿ, ಹೆನ್ರಿ ಫೋರ್ಡ್ ತನ್ನ ಪತ್ರಿಕೆಯಲ್ಲಿ ಯಹೂದಿಗಳ ವಿರುದ್ಧ ವಾರವಾರವೂ ವಿಷ ಕಾರಿಸಿದ್ದ. ಕಾರಿನ ಮಾತಿನಲ್ಲಿ ರಾಜಕೀಯ ಬೇಡ ಎನ್ನುವ ಅಭಿಮಾನಿಗಳಿಗೆ ಇದನ್ನು ನೆನಪಿಸಬೇಕಾಗುತ್ತದೆ.

'ಅಮೆರಿಕದ ಕಾರು' ಎಂಬ ಮಾತೇ ಎಷ್ಟು ಜಾರುವಂಥದ್ದು ನೋಡಿ. 1993ರಿಂದ 2002ರ ತನಕ ಶೆವರ್ಲೆ ಕಮಾರೊ ತಯಾರಾದದ್ದು ಕೆನಡಾದ ಕ್ವಿಬೆಕ್‌ನಲ್ಲಿ. ಡಾಡ್ಜ್ ಚಾಲೆಂಜರ್ 2008ರಿಂದ 2023ರವರೆಗೂ ಕೆನಡಾದ ಬ್ರಾಂಪ್ಟನ್ನಿನಲ್ಲಿ. ಟೊಯೊಟಾ ಕ್ಯಾಮ್ರಿ ಮಾತ್ರ 1988ರಿಂದ ಅಮೆರಿಕದ ಕೆಂಟಕಿ ರಾಜ್ಯದಲ್ಲಿ, ಅಮೆರಿಕದ ಕೂಲಿಕಾರರ ಕೈಯಲ್ಲಿ ತಯಾರಾಗುತ್ತಿದೆ. ಆದರೂ 2007ರಲ್ಲಿ ಟೊಯೊಟಾ ನ್ಯಾಸ್‌ಕಾರ್‌ನ ದೊಡ್ಡ ಪಂದ್ಯಗಳಿಗೆ ಇಳಿದಾಗ ಅಭಿಮಾನಿಗಳಲ್ಲಿ ದೊಡ್ಡ ಗುಂಪು ಕೆರಳಿತು. ಅವರಿಗೆ ಬೇಕಾದದ್ದು ಎಲ್ಲಿ ತಯಾರಾಯಿತು ಎಂಬ ಲೆಕ್ಕವಲ್ಲ, ನಮ್ಮವರೋ ಅಲ್ಲವೋ ಎಂಬ ಲೆಕ್ಕ. ಇಬ್ನ್ ಖಲ್ದೂನ್ 'ಅಸಬಿಯ್ಯತ್' ಎಂದು ಕರೆದದ್ದು ಬಣಗಳನ್ನು ಕಟ್ಟಿ ನಿಲ್ಲಿಸುವ ಇಂಥ ನಂಟನ್ನು. ಯಾರು ಯಾವ ತಂಡಕ್ಕೆ ಚಪ್ಪಾಳೆ ಹೊಡೆದರು ಎಂದು ನೋಡಿ ದೇಶಭಕ್ತಿ ಅಳೆಯುವ ವಿದ್ಯೆ ನಮ್ಮ ಓದುಗರಿಗೆ ಪರಿಚಿತವಾದ್ದರಿಂದ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಈ ಲೆಕ್ಕ ಒಮ್ಮೆ ರಕ್ತವನ್ನೇ ಕೇಳಿತು. 1980ರ ದಶಕದ ಮೊದಲಲ್ಲಿ ಜಪಾನಿನ ಸಣ್ಣ ಕಾರುಗಳ ಮುಂದೆ ಡೆಟ್ರಾಯಿಟ್ ಸೋಲುತ್ತಿತ್ತು, ಸಾವಿರಾರು ಜನ ಕೆಲಸ ಕಳೆದುಕೊಂಡಿದ್ದರು. ಹಳೆಯ ಜಪಾನಿ ಕಾರೊಂದನ್ನು ತಂದು ನಿಲ್ಲಿಸಿ ಸುತ್ತಿಗೆಯಿಂದ ಜಜ್ಜುವುದು ಸಾರ್ವಜನಿಕ ಮನರಂಜನೆಯಾಗಿತ್ತು. 1982ರ ಜೂನ್ 19ರ ರಾತ್ರಿ ಡೆಟ್ರಾಯಿಟ್‌ನ ಒಡಲೊಳಗಿನ ಹೈಲ್ಯಾಂಡ್ ಪಾರ್ಕ್ ಎಂಬ ಊರಿನಲ್ಲಿ ವಿನ್ಸೆಂಟ್ ಚಿನ್ ಎಂಬ 27 ವರ್ಷದ ಯುವಕನನ್ನು ಕ್ರೈಸ್ಲರ್ ಕಾರ್ಖಾನೆಯ ಒಬ್ಬ ಮೇಲ್ವಿಚಾರಕ ಮತ್ತು ಅವನ ಮಲಮಗ ಸೇರಿ ಬೇಸ್‌ಬಾಲ್ ಬ್ಯಾಟಿನಿಂದ ಬಡಿದರು. ನಿಮ್ಮಿಂದಲೇ ನಮ್ಮ ಕೆಲಸ ಹೋಯಿತು ಎಂಬರ್ಥದ ಮಾತನ್ನು ಸಾಕ್ಷಿಯೊಬ್ಬರು ಕೇಳಿದ್ದರು. ಚಿನ್ ನಾಲ್ಕು ದಿನದ ಮೇಲೆ ಸತ್ತ. ಅವನ ಮದುವೆ ಹತ್ತಿರವಿತ್ತು. ಅವನು ಜಪಾನಿಯೂ ಅಲ್ಲ, ಚೀನೀ ಮೂಲದ ಅಮೆರಿಕನ್. ನ್ಯಾಯಾಧೀಶರು ಕೊಲೆಗಾರರಿಗೆ ಕೊಟ್ಟದ್ದು ತಲಾ 3,000 ಡಾಲರ್ ದಂಡ, ಮೂರು ವರ್ಷದ ಸನ್ನಡತೆಯ ಮುಚ್ಚಳಿಕೆ. ಆಮೇಲಿನ ಮೊಕದ್ದಮೆಗಳೂ ಮುಗಿದಾಗ ಈ ಸಾವಿಗಾಗಿ ಯಾರೂ ಜೈಲು ಶಿಕ್ಷೆ ಅನುಭವಿಸಲಿಲ್ಲ.

'ಗ್ರಾನ್ ಟೊರಿನೊ'ದ ಕತೆ ನಡೆಯುವುದು ಇದೇ ಹೈಲ್ಯಾಂಡ್ ಪಾರ್ಕ್‌ನಲ್ಲಿ. ಸಿನಿಮಾ ಚಿನ್‌ನ ಹೆಸರೆತ್ತುವುದಿಲ್ಲ. ಅದರ ನಾಯಕ ವಾಲ್ಟ್ ಕೊವಾಲ್ಸ್ಕಿ ಪೋಲಿಷ್ ಮೂಲದ ಮುದುಕ. ಕೊರಿಯಾ ಯುದ್ಧದಲ್ಲಿ ಹೋರಾಡಿದವನು, ಫೋರ್ಡ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಹೆಂಡತಿ ಸತ್ತಿದ್ದಾಳೆ. ಮಗ ಟೊಯೊಟಾದಲ್ಲಿ ಬರುತ್ತಾನೆ, ಅದೇ ಒಂದು ನೋವು. ಪಕ್ಕದ ಮನೆಗೆ ಲಾವೋಸಿನ ಕಡೆಯ ಮೋಂಗ್ ಜನ ಬಂದಿದ್ದಾರೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಪರವಾಗಿ ಹೋರಾಡಿ ನೆಲೆ ಕಳೆದುಕೊಂಡವರು. ವಾಲ್ಟನ ಗ್ಯಾರೇಜಿನಲ್ಲಿ 1972ರ ಫೋರ್ಡ್ ಗ್ರಾನ್ ಟೊರಿನೊ ಇದೆ. ಅದರ ಸ್ಟಿಯರಿಂಗ್ ಕಾಲಮ್ಮನ್ನು ಕಾರ್ಖಾನೆಯಲ್ಲಿ ಜೋಡಿಸಿದವನು ಅವನೇ. ಪಕ್ಕದ ಮನೆಯ ಹುಡುಗ ತಾವೊ ಗ್ಯಾಂಗಿನವರ ಒತ್ತಾಯಕ್ಕೆ ಆ ಕಾರನ್ನು ಕದಿಯಲು ಹೋಗಿ ಸಿಕ್ಕಿಬೀಳುತ್ತಾನೆ. ಅಲ್ಲಿಂದ ಇಬ್ಬರ ನಂಟು.

ಕಾರು ಬಲ್ಲವರಿಗೆ 1972ರ ಟೊರಿನೊ ಮೊದಲ ಪಂಕ್ತಿಯದಲ್ಲ. ಆ ವರ್ಷವೇ ಅಮೆರಿಕದ ಕಂಪನಿಗಳು ಅಶ್ವಶಕ್ತಿಯನ್ನು ಅಳೆಯುವ ಕ್ರಮ ಬದಲಿಸಿದ್ದರಿಂದ ಕಾಗದದ ಮೇಲಿನ ಅಂಕಿಗಳು ಧೊಪ್ಪೆಂದು ಬಿದ್ದವು. ಹೊಗೆಯ ನಿಯಮಗಳಿಗಾಗಿ ಎಂಜಿನ್ನುಗಳ ಒತ್ತಡವನ್ನೂ ಇಳಿಸಲಾಗಿತ್ತು. ಮರುವರ್ಷವೇ ಅರಬ್ ದೇಶಗಳ ಎಣ್ಣೆ ನಿರ್ಬಂಧ ಬಂತು. ಅಂದರೆ ವಾಲ್ಟ್ ಉಜ್ಜಿ ಉಜ್ಜಿ ಹೊಳಪಿಸುವುದು ವೈಭವದ ಕಾರನ್ನಲ್ಲ, ವೈಭವ ಮುಗಿಯುವ ಹೊತ್ತಿನ ಕಾರನ್ನು. ಈ ಆಯ್ಕೆ ಬಹಳ ಸೂಕ್ಷ್ಮವಾದದ್ದು. ಮಸ್ಟಾಂಗ್ ಇಟ್ಟಿದ್ದರೆ ಸಿನಿಮಾ ಅಗ್ಗವಾಗುತ್ತಿತ್ತು. ತನ್ನ ಕೈಯಿಂದ ಜೋಡಿಸಿದ ವಸ್ತುವನ್ನು ಕೊಂಡು, ಮನೆಯಲ್ಲಿಟ್ಟು, ಮುಸ್ಸಂಜೆ ವರಾಂಡದಲ್ಲಿ ಕೂತು ನೋಡುವ ಕಾರ್ಮಿಕನ ಚಿತ್ರ ನಿಜವಾಗಿಯೂ ಮನಸ್ಸು ಕಲಕುತ್ತದೆ. ದುಡಿದವನಿಗೆ ತಾನು ಮಾಡಿದ್ದರ ಮೇಲೆ ಇರುವ ಪ್ರೀತಿಯನ್ನು ಇಷ್ಟು ಮಾತಿಲ್ಲದೆ ತೋರಿಸಿದ ಸಿನಿಮಾಗಳು ಕಡಿಮೆ.

ಸಿನಿಮಾದ ಅತ್ಯುತ್ತಮ ದೃಶ್ಯವೂ ಕಾರಿನ ಮಾತಿನದೇ. ತಾವೊಗೆ ಕೆಲಸ ಕೊಡಿಸಬೇಕೆಂದು ವಾಲ್ಟ್ ಅವನನ್ನು ತನ್ನ ಕ್ಷೌರದಂಗಡಿಗೆ ಕರೆದೊಯ್ದು ಗಂಡಸರಂತೆ ಮಾತಾಡುವುದನ್ನು ಕಲಿಸುತ್ತಾನೆ. ಹೇಗೆ ಬೈಯಬೇಕು, ಯಾರನ್ನು ದೂರಬೇಕು ಎಂಬುದೇ ಪಾಠ. ಆಮೇಲೆ ಕಟ್ಟಡ ಕೆಲಸದ ಮೇಸ್ತ್ರಿಯ ಎದುರು ಹುಡುಗ ಆ ಪಾಠ ಒಪ್ಪಿಸುತ್ತಾನೆ: ಹೆಡ್ ಗ್ಯಾಸ್ಕೆಟ್ ಹೋಗಿದೆ, ಗ್ಯಾರೇಜಿನವನು ಎರಡು ಸಾವಿರ ಡಾಲರಿಗೂ ಮಿಕ್ಕಿ ಕೇಳುತ್ತಿದ್ದಾನೆ. ಮೇಸ್ತ್ರಿ ತಕ್ಷಣ ಕರಗಿ ತನ್ನ ಗೇರ್‌ಬಾಕ್ಸಿನ ದುಃಖ ತೋಡಿಕೊಳ್ಳುತ್ತಾನೆ. ಕೆಲಸ ಸಿಗುತ್ತದೆ. ಹುಡುಗನಿಗೆ ಕಾರೇ ಇಲ್ಲ! ಕಾರಿಲ್ಲದವನಿಗೆ ಕಾರಿನ ದೂರು ಕಲಿಸಿ ಅಮೆರಿಕನ್ ಮಾಡುವ ಈ ದೃಶ್ಯ ಹೇಳುವಷ್ಟನ್ನು ಸಮಾಜಶಾಸ್ತ್ರದ ದಪ್ಪ ಪುಸ್ತಕಗಳೂ ಹೇಳಲಾರವು. ಎಂಜಿನ್ನಿನ ಬಗ್ಗೆ ಒಂದು ಅಭಿಪ್ರಾಯ ಇಟ್ಟುಕೊಳ್ಳುವುದು ಅಲ್ಲಿ ಒಳಗೆ ಬರಲು ತೋರಿಸಬೇಕಾದ ಚೀಟಿ.

ಕೊನೆಗೆ ವಾಲ್ಟ್ ಗ್ಯಾಂಗಿನವರ ಎದುರು ಬರಿಗೈಯಲ್ಲಿ ನಿಂತು ಗುಂಡಿಗೆ ಬಲಿಯಾಗುತ್ತಾನೆ. ಅವರು ಜೈಲಿಗೆ ಹೋಗುವಂತೆ ಮಾಡಲು ಅವನು ಹೂಡಿದ ಉಪಾಯ ಅದು. ಅದಕ್ಕೆ ಮೊದಲು ತಾವೊವನ್ನು ನೆಲಮಾಳಿಗೆಯಲ್ಲಿ ಕೂಡಿಹಾಕಿ ಬೀಗ ಹಾಕುತ್ತಾನೆ. ಹುಡುಗನ ಅಕ್ಕನ ಮೇಲೆ ನಡೆದ ಅತ್ಯಾಚಾರಕ್ಕೆ ಉತ್ತರ ಕೊಡುವ ಹಕ್ಕು ಹುಡುಗನಿಗೂ ಇಲ್ಲ, ಅಕ್ಕನಿಗಂತೂ ಇಲ್ಲವೇ ಇಲ್ಲ. ಸಾಯುವುದಾದರೂ ಬಿಳಿಯನೇ ಸಾಯಬೇಕು, ಅದೂ ಕೈಚಾಚಿ ಶಿಲುಬೆಯ ಭಂಗಿಯಲ್ಲಿ.

ಆಮೇಲೆ ಬರುವುದು ಉಯಿಲು. ಮಕ್ಕಳು-ಮೊಮ್ಮಕ್ಕಳು ಕಾದು ಕೂತಿರುವಾಗ ವಕೀಲ ಓದುತ್ತಾನೆ: ಗ್ರಾನ್ ಟೊರಿನೊ ತಾವೊಗೆ. ಆದರೆ ಮೂರು ಷರತ್ತು. ಮೇಲ್ಛಾವಣಿ ಕತ್ತರಿಸಿ ತಗ್ಗಿಸಕೂಡದು. ಮೈಮೇಲೆ ಬೆಂಕಿಯ ಜ್ವಾಲೆ ಬರೆಸಕೂಡದು. ಹಿಂದೆ ರೆಕ್ಕೆಯಂಥ ಸ್ಪಾಯ್ಲರ್ ಹಾಕಿಸಕೂಡದು. ಮೊದಲನೆಯದಕ್ಕೆ ಮೆಕ್ಸಿಕನ್ನರ ಹೆಸರಿನ ಬೈಗುಳ, ಎರಡನೆಯದಕ್ಕೆ ಬಡ ಬಿಳಿಯರ ಬೈಗುಳ, ಮೂರನೆಯದಕ್ಕೆ ಏಷ್ಯಾದವರ ಬೈಗುಳ. ಸಿನಿಮಾ ಇಲ್ಲಿ ನಮ್ಮಿಂದ ನಗುವನ್ನು ಅಪೇಕ್ಷಿಸುತ್ತದೆ. ಮುದುಕ ಬೈಯುತ್ತ ಬೈಯುತ್ತಲೇ ಪ್ರೀತಿಸಿದ ಎಂಬುದು ಅದರ ವಾದ. ತಾವೊ ಪಾತ್ರ ಮಾಡಿದ ಬೀ ವಾಂಗ್ ಆಮೇಲೆ 2021ರಲ್ಲಿ ಬರೆದ ಲೇಖನದಲ್ಲಿ ಆ ಬೈಗುಳಗಳಿಗೆ ಚಿತ್ರಮಂದಿರಗಳಲ್ಲಿ ಬಂದ ನಗುವೇ ತನ್ನನ್ನು ಕಾಡಿತೆಂದು ಹೇಳಿದ್ದಾನೆ. ಅವನ ಮಾತನ್ನು ನಾವು ಒಪ್ಪುತ್ತೇವೆ. ಆದರೆ ನಮ್ಮ ತಕರಾರು ಬೈಗುಳಕ್ಕಿಂತ ಷರತ್ತಿನ ಮೇಲೆ. ಕಾರು ನಿನ್ನದು, ಅದರ ಮೇಲೆ ನಿನ್ನ ಗುರುತು ಮಾತ್ರ ಬೇಡ ಎನ್ನುವುದು ಎಂಥ ದಾನ?

ಹನಫಿ ಫಿಕ್ಹ್ ಈ ಬಗ್ಗೆ ಸ್ಪಷ್ಟವಾಗಿದೆ. ಹಿಬಾ ಕೊಟ್ಟು, ಪಡೆದವನ ಒಡೆತನವನ್ನೇ ಮೊಟಕು ಮಾಡುವ ಷರತ್ತು ಹಾಕಿದರೆ ಹಿಬಾ ಊರ್ಜಿತ, ಷರತ್ತು ರದ್ದು. ವಸೀಯತ್ತಿಗೂ ನಮ್ಮ ನ್ಯಾಯಾಲಯಗಳು ಇದೇ ತತ್ವವನ್ನು ಅನ್ವಯಿಸುತ್ತವೆ. ಖಾಜಿಯ ಮುಂದೆ ಹೋಗಿದ್ದರೆ ತಾವೊ ಕಾರನ್ನೂ ಒಯ್ಯುತ್ತಿದ್ದ, ಬಾಗಿಲ ಮೇಲೆ ಬೆಂಕಿಯನ್ನೂ ಬರೆಸುತ್ತಿದ್ದ.

ವಾಲ್ಟನ ಮೂರು ನಿಷೇಧಗಳಲ್ಲಿ ಕಾರಿನ ಇತಿಹಾಸವೇ ಇಲ್ಲ ಎಂಬುದು ಇನ್ನೊಂದು ಮಾತು. ಛಾವಣಿ ಕತ್ತರಿಸಿದ ಕಾರುಗಳಲ್ಲಿ ಅಮೆರಿಕ ಅತಿ ಹೆಚ್ಚು ಕೊಂಡಾಡುವುದು 1951ರ ಒಂದು ಮರ್ಕ್ಯುರಿಯನ್ನು. ಮರ್ಕ್ಯುರಿ ಎಂದರೆ ಫೋರ್ಡಿನದೇ ಕಾರು. ಅದನ್ನು ಕತ್ತರಿಸಿ ರೂಪಿಸಿದವರು ಗ್ರೀಕ್ ಮೂಲದ ಬ್ಯಾರಿಸ್ ಸಹೋದರರು, ಮಾಡಿಸಿದವನು ಬಾಬ್ ಹಿರೊಹಾಟಾ ಎಂಬ ಜಪಾನಿ ಮೂಲದ ಅಮೆರಿಕನ್. ಅವನ ಹೆಸರಿನಲ್ಲೇ ಪ್ರಸಿದ್ಧವಾದ ಆ ಕಾರು 2022ರ ಹರಾಜಿನಲ್ಲಿ ಸುಮಾರು 20 ಲಕ್ಷ ಡಾಲರಿಗೆ ಹೋಯಿತು. ಇನ್ನು ಸ್ಪಾಯ್ಲರ್? ಅಮೆರಿಕದ ರಸ್ತೆಗಿಳಿದ ಅತಿ ದೊಡ್ಡ ರೆಕ್ಕೆಗಳನ್ನು ಏಷ್ಯಾದ ಹುಡುಗರು ಹಾಕಿಸಿದ್ದಲ್ಲ. 1969ರ ಡಾಡ್ಜ್ ಡೇಟೋನಾ, 1970ರ ಪ್ಲಿಮತ್ ಸೂಪರ್‌ಬರ್ಡ್ ಕಾರುಗಳಿಗೆ ಕ್ರೈಸ್ಲರ್ ಕಂಪನಿಯೇ ಪಂದ್ಯದಲ್ಲಿ ಗೆಲ್ಲಲು ಕೂರಿಸಿದ್ದು. ಅದೇ ರೆಕ್ಕೆಯನ್ನು ಹೊಂಡಾ ಸಿವಿಕ್ ಮೇಲೆ ಹುಡುಗನೊಬ್ಬ ಹಾಕಿಸಿಕೊಂಡರೆ ಶೋಕಿ, ಕಂಪನಿ ಹಾಕಿದರೆ ವಾಯುಶಾಸ್ತ್ರ.

ಮೆಕ್ಸಿಕನ್ ಅಮೆರಿಕನ್ನರ 'ಲೋರೈಡರ್' ಕಾರುಗಳ ಕತೆ ಇದಕ್ಕಿಂತ ರೋಚಕ. ಬಿಳಿಯ ಹುಡುಗರು ಕಾರನ್ನು ವೇಗವಾಗಿ ಓಡಿಸಲು ತಲೆಕೆಡಿಸಿಕೊಂಡಾಗ ಇವರು ನಿಧಾನವಾಗಿ, ನೆಲಕ್ಕೆ ತಾಗುವಷ್ಟು ತಗ್ಗಿಸಿ, ಭಾನುವಾರದ ಬೀದಿಯಲ್ಲಿ ಮೆರವಣಿಗೆಯಂತೆ ಓಡಿಸಿದರು. 1958ರಲ್ಲಿ ಕ್ಯಾಲಿಫೋರ್ನಿಯಾ ಒಂದು ಕಾನೂನು ತಂದಿತು: ಕಾರಿನ ಯಾವ ಭಾಗವೂ ಚಕ್ರದ ರಿಮ್ಮಿನ ಕೆಳ ಅಂಚಿಗಿಂತ ತಗ್ಗಿರಕೂಡದು. ಮರುವರ್ಷವೇ ರಾನ್ ಅಗಿರ್ರೆ ಎಂಬ ಯುವಕ ವಿಮಾನದ ಹಳೆಯ ಹೈಡ್ರಾಲಿಕ್ ಪಂಪುಗಳನ್ನು ತನ್ನ ಕಾರ್ವೆಟ್‌ಗೆ ಜೋಡಿಸಿದ. ಪೊಲೀಸರು ಕಂಡರೆ ಗುಂಡಿ ಒತ್ತಿ ಕಾರನ್ನು ಎತ್ತಿಬಿಡಬಹುದು, ಹೋದ ಮೇಲೆ ಇಳಿಸಬಹುದು! ಕಾನೂನಿನ ಕಾಟದಿಂದಲೇ ಒಂದು ಕಲೆ ಕುಣಿಯುವುದನ್ನು ಕಲಿತದ್ದು ಹೀಗೆ. ಗುಲಾಬಿ ಹೂಗಳನ್ನು ಮೈತುಂಬ ಬರೆಸಿಕೊಂಡ 1964ರ ಶೆವರ್ಲೆ ಇಂಪಾಲಾ 'ಜಿಪ್ಸಿ ರೋಸ್' 2017ರಲ್ಲಿ ಅಮೆರಿಕದ ಐತಿಹಾಸಿಕ ವಾಹನಗಳ ರಾಷ್ಟ್ರೀಯ ಪಟ್ಟಿ ಸೇರಿತು. ತಗ್ಗಿಸಿದ ಕಾರಿನ ಮೇಲಿನ ಆ ಹಳೆಯ ನಿರ್ಬಂಧ ಹೋದದ್ದು ಮಾತ್ರ 2024ರ ಜನವರಿ 1ರಂದು. ಕಾರು ಸ್ಮಾರಕವಾಗಿ ಆರೇಳು ವರ್ಷಗಳ ಮೇಲೆ!

(ನಮ್ಮ ಮಲೆನಾಡಿನ ತೋಟಗಳಲ್ಲಿ ಇನ್ನೂ ಏದುಸಿರು ಬಿಡುತ್ತ ಓಡಾಡುವ ಹಳೆಯ ವಿಲ್ಲಿಸ್ ಜೀಪುಗಳೂ ಅಮೆರಿಕದ ಸಂತಾನವೇ. ಪೆಟ್ರೋಲ್ ಎಂಜಿನ್ನು ಕಿತ್ತು ಡೀಸೆಲ್ ಕೂರಿಸುವ ಮೆಕ್ಯಾನಿಕ್‌ಗಳ ಕೈಚಳಕವನ್ನು ಕ್ಯಾಲಿಫೋರ್ನಿಯಾದವರು ಕಂಡರೆ ತಮ್ಮವರೆಂದು ಒಪ್ಪಿಕೊಂಡಾರು. ನಮ್ಮವರು ಅದನ್ನು ಕಲೆ ಎನ್ನಲಿಲ್ಲ, ಪೆಟ್ರೋಲ್ ಖರ್ಚು ತಾಳದೆ ಮಾಡಿದರು.)

ಹೈಲ್ಯಾಂಡ್ ಪಾರ್ಕ್‌ಗೆ ಮರಳೋಣ. ಮೂರು ಚದರ ಮೈಲಿಯೂ ಇಲ್ಲದ ಆ ಊರಿನಲ್ಲೇ ಹೆನ್ರಿ ಫೋರ್ಡ್ 1913ರಲ್ಲಿ ಚಲಿಸುವ ಜೋಡಣಾ ಸಾಲನ್ನು ಆರಂಭಿಸಿದ್ದು, 1914ರಲ್ಲಿ ದಿನಕ್ಕೆ ಐದು ಡಾಲರ್ ಸಂಬಳ ಸಾರಿದ್ದು. ಆ ಐದು ಡಾಲರ್ ಸಿರಿಯಾ, ಲೆಬನಾನಿನ ಕಡೆಯ ಮುಸ್ಲಿಮರನ್ನೂ ಅಲ್ಲಿಗೆ ಎಳೆಯಿತು. 1921ರಲ್ಲಿ ಕಾರ್ಖಾನೆಗೆ ನಡೆದುಹೋಗುವಷ್ಟು ದೂರದಲ್ಲಿ ಅವರಿಗಾಗಿ ಒಂದು ಮಸೀದಿ ಎದ್ದಿತು. ಅಮೆರಿಕದಲ್ಲಿ ಮಸೀದಿಯೆಂದೇ ಕಟ್ಟಿದ ಮೊದಲ ಕಟ್ಟಡ ಅದೆಂದು ಇತಿಹಾಸಕಾರರು ಗುರುತಿಸುತ್ತಾರೆ. ಅದು ಹೆಚ್ಚು ಕಾಲ ನಡೆಯಲಿಲ್ಲ. ಫೋರ್ಡಿನ ಕೆಲಸ ಡಿಯರ್‌ಬಾರ್ನ್‌ನ ರೂಜ್ ಕಾರ್ಖಾನೆಗೆ ಹೋದಂತೆ ನಮಾಜಿನ ಸಾಲುಗಳೂ ಅತ್ತ ಹೋದವು. ಕ್ರೈಸ್ಲರ್‌ನ ಮುಖ್ಯ ಕಚೇರಿಯೂ 1990ರ ದಶಕದಲ್ಲಿ ಊರು ಬಿಟ್ಟಿತು. 2011ರಲ್ಲಿ ಬಿಲ್ಲು ಕಟ್ಟಲಾಗದೆ ಸಾವಿರಕ್ಕೂ ಹೆಚ್ಚು ಬೀದಿದೀಪಗಳನ್ನು ಕಂಬಸಹಿತ ಕಿತ್ತೊಯ್ಯಲಾಯಿತು. ವಾಲ್ಟ್ ತನ್ನ ಬೀದಿ ಹಾಳಾದದ್ದಕ್ಕೆ ಬಂದವರನ್ನು ಬೈಯುತ್ತಾನೆ. ಬಿಟ್ಟು ಹೋದವರ ಬಗ್ಗೆ ಸಿನಿಮಾದಲ್ಲಿ ಅಂಥ ಸಿಟ್ಟಿಲ್ಲ. ಫೋರ್ಡಿನ ಮೇಲೆ ಅವನಿಗಿದ್ದ ನಿಷ್ಠೆ ಅವನ ಊರಿನ ಮೇಲೆ ಫೋರ್ಡಿಗೆ ಇತ್ತೇ ಎಂದು ಈಸ್ಟ್‌ವುಡ್ ಒಂದೇ ಒಂದು ಸಲ ಕೇಳಿದ್ದರೂ ಇದು ದೊಡ್ಡ ಸಿನಿಮಾ ಆಗುತ್ತಿತ್ತು.

ಕೊನೆಯ ದೃಶ್ಯದಲ್ಲಿ ತಾವೊ ಸೇಂಟ್ ಕ್ಲೇರ್ ಸರೋವರದ ದಂಡೆಯ ರಸ್ತೆಯಲ್ಲಿ ಆ ಕಾರನ್ನು ಓಡಿಸಿಕೊಂಡು ಹೋಗುತ್ತಾನೆ. ಪಕ್ಕದಲ್ಲಿ ವಾಲ್ಟನ ನಾಯಿ. ಅದು ಗ್ರಾಸ್ ಪಾಯಿಂಟ್ ಎಂಬ ಸಿರಿವಂತರ ಬಡಾವಣೆ. ಮನೆ ಕೊಳ್ಳಲು ಬಂದವರ ಮೈಬಣ್ಣ, ಉಚ್ಚಾರ, ನಡೆನುಡಿಗಳಿಗೆ ಅಲ್ಲಿನ ದಲ್ಲಾಳಿಗಳು ಗುಟ್ಟಾಗಿ ಅಂಕ ಹಾಕುತ್ತಿದ್ದರೆಂಬುದು 1960ರಲ್ಲಿ ಬಯಲಾಗಿತ್ತು. ಪೋಲಿಷ್ ಮೂಲದವರಿಗೆ 55 ಅಂಕ ಬೇಕಿತ್ತು, ಯಹೂದಿಗಳಿಗೆ 85. ವಾಲ್ಟ್ ಕೂಡ ಆ 55 ಅಂಕ ಗಳಿಸಬೇಕಿದ್ದವನೇ. ಕರಿಯರಿಗೂ ಏಷ್ಯಾದವರಿಗೂ ಆ ಪಟ್ಟಿಯಲ್ಲಿ ಅಂಕದ ಪ್ರಶ್ನೆಯೇ ಇರಲಿಲ್ಲ. ತಾವೊ ಆ ರಸ್ತೆಯಲ್ಲಿ, ಛಾವಣಿ ಕತ್ತರಿಸದ, ಜ್ವಾಲೆ ಬರೆಸದ, ರೆಕ್ಕೆಯಿಲ್ಲದ ಕಾರಿನಲ್ಲಿ ಸಾಗುತ್ತಾನೆ. ಹಾಡು ಶುರುವಾಗುತ್ತದೆ, ಅದರ ಮೊದಲ ಸಾಲುಗಳನ್ನು ಹಾಡುವ ದನಿ ಈಸ್ಟ್‌ವುಡ್‌ನದು.